ಅಂಚಿನಲ್ಲಿ ನಿಲ್ಲಿಸುವವರು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಆಲ್ಟನ್ ಟವರ್ಸ್ ವಿನೋದವನದಲ್ಲಿ ‘ಒಬ್ಲಿವಿಯನ್’ ಎಂಬ ರೋಲರ್ ಕೋಸ್ಟರ್ ಇದೆ. 1998ರಲ್ಲಿ ಶುರುವಾದಾಗ, ಹೀಗೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಧುಮುಕುವಂಥದ್ದು ಜಗತ್ತಿನಲ್ಲೇ ಮೊದಲು ಅನ್ನಿಸಿಕೊಂಡಿತ್ತು. ಅಲ್ಲಿನ ಕಟ್ಟಳೆಯಂತೆ ಮರಗಳ ತಲೆ ಮೀರಿ ಏನನ್ನೂ ಕಟ್ಟುವಂತಿಲ್ಲ. ಮೇಲಕ್ಕೆ ಬಿಡದಿದ್ದರೆ ಪಾತಾಳ ಇದ್ದೇ ಇದೆಯಲ್ಲ ಎಂದು ನೆಲವನ್ನೇ ತೋಡಿದರು. ಎಂಟೆಂಟು ಜನರ ಎರಡು ಸಾಲು. ಭುಜದ ಮೇಲಿಂದ ದಪ್ಪ ಪಟ್ಟಿ ಇಳಿದು ಬಿಗಿಯುತ್ತದೆ, ಸರಪಳಿ ಗಾಡಿಯನ್ನು ಮೇಲಕ್ಕೆಳೆಯುತ್ತದೆ. ಮುಂದೆ ಸುಮಾರು 55 ಮೀಟರ್ ಇಳಿತ, ಅದರ ತಳದಲ್ಲಿ ಮಂಜು ಕವಿದ ಕಪ್ಪು ಸುರಂಗ.

ಆದರೆ ಗಾಡಿ ತಕ್ಷಣ ಬೀಳುವುದಿಲ್ಲ. ಅಂಚಿನಲ್ಲಿ ಮೂತಿ ಬಗ್ಗಿಸಿ ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ. ಕೂತವರ ಮೈಭಾರವೆಲ್ಲ ಭುಜದ ಪಟ್ಟಿಗೆ ಬೀಳುತ್ತದೆ. ‘ಕೆಳಗೆ ನೋಡಬೇಡಿ’ ಎಂದು ಒಂದು ದನಿ ಹೇಳುತ್ತದೆ. ಹಾಗಂದ ಮೇಲೆ ನೋಡದೆ ಇರುವವರುಂಟೇ? ಇದನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ಎಂಜಿನಿಯರುಗಳು ಜಾಣರು. ಬೀಳುವುದು ಎಷ್ಟು ಹೊತ್ತಿನ ಮಾತು? ಎದೆ ಝಲ್ಲೆನ್ನುವುದು ಅದಕ್ಕೂ ಮೊದಲು ಎಂದು ಅವರಿಗೆ ಗೊತ್ತಿತ್ತು. ಮುಂದೆ ಫ್ಲೋರಿಡಾದಲ್ಲಿ 2005ರಲ್ಲಿ ಬಂದ ಇನ್ನೂ ಎತ್ತರದ ‘ಶೀಕ್ರಾ’ದಲ್ಲೂ ಅಂಚಿನ ಈ ನಿಲುಗಡೆಯನ್ನು ಅವರು ಕೈಬಿಡಲಿಲ್ಲ.

ಇಂಥ ಸಂಕಟಕ್ಕೆ ಜನ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು ಹೋಗುತ್ತಾರೆ. ಏಕೆಂದರೆ ಅದು ಇನ್ನೇನು ಮುಗಿಯುತ್ತದೆ ಎಂಬುದು ಖಾತ್ರಿ. ಖಾತ್ರಿಯಿಲ್ಲದ ಕಡೆ ಮನುಷ್ಯ ಹೇಗಾಗುತ್ತಾನೆ ಎಂಬುದನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 45 ಜನರನ್ನು ಕಂಪ್ಯೂಟರ್ ಆಟಕ್ಕೆ ಕೂರಿಸಿ ನೋಡಿದ್ದಾರೆ. ಪರದೆಯಲ್ಲಿ ಕಾಣುವ ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋಯುವಂಥ ಶಾಕ್. ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ತಿಳಿದಾಗ ಅವರು ಅಷ್ಟು ಕಂಗೆಡಲಿಲ್ಲ. ಹೊಡೆದರೆ ಹೊಡೆಯಿತು, ಇಲ್ಲದಿದ್ದರೆ ಇಲ್ಲ ಎಂಬ ಅರ್ಧಂಬರ್ಧ ಸ್ಥಿತಿಯಲ್ಲಿ ಮೈ ಬೆವರಿತು, ಕಣ್ಣಪಾಪೆ ಹಿಗ್ಗಿತು. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಗೃಹಸ್ಥರಾದ ನಾವು ಯಾವ ಯಂತ್ರವೂ ಇಲ್ಲದೆ ಎಷ್ಟು ಜನರನ್ನು ಹೀಗೆ ಅಂಚಿನಲ್ಲಿ ನಿಲ್ಲಿಸಿರುತ್ತೇವೋ! ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಎದ್ದುಬಿಡುತ್ತಾರೆ. ಬೇಡವೆಂಬುದು ದಾರಿಯಲ್ಲೇ ತೀರ್ಮಾನವಾಗಿರುತ್ತದೆ. ಹೇಳಲು ಮಾತ್ರ ಬಾಯಿ ಬಾರದು. ಇತ್ತ ಫೋನ್ ಸದ್ದಾದಾಗಲೆಲ್ಲ ತಾಯಿ ಒಲೆಯ ಉರಿ ಸಣ್ಣ ಮಾಡಿ ಓಡಿ ಬರುತ್ತಾಳೆ, ಹುಡುಗಿ ಕೇಳಿಸದವಳಂತೆ ಬಟ್ಟೆ ಮಡಚುತ್ತಿರುತ್ತಾಳೆ. ಕೆಲಸ ಕೇಳಿ ಬಂದ ಹುಡುಗನಿಗೆ ‘ನೋಡೋಣ’. ಮಗಳ ಮದುವೆಗೆ ಕೈಗಡ ಕೇಳಿದ ಭಾವಮೈದುನನಿಗೆ ‘ಯೋಚನೆ ಮಾಡಿ ಹೇಳ್ತೀನಿ’. ನೋಯಿಸಬಾರದೆಂಬ ದಾಕ್ಷಿಣ್ಯ ಇದರಲ್ಲಿ ಇಲ್ಲವೆಂದಲ್ಲ. ಆದರೆ ನಮ್ಮ ಮುಜುಗರವನ್ನು ಮುಂದೂಡುವ ಆಸೆಯೇ ಅದಕ್ಕಿಂತ ತುಸು ಹೆಚ್ಚಿರುತ್ತದೆ. ‘ನನ್ನ ಕೈಲಾಗಲ್ಲಪ್ಪ’ ಎಂದು ನಾಳೆ ಬೆಳಗ್ಗೆಯೇ ಹೇಳಿದರೆ ಭಾವಮೈದುನ ಎರಡು ದಿನ ಮುಖ ಊದಿಸಿಕೊಂಡಾನು. ಮೂರನೆಯ ದಿನ ಸೊಸೈಟಿಯಲ್ಲಿ ಅರ್ಜಿ ಹಾಕುತ್ತಾನೆ. ಛತ್ರದವರಿಗೆ ಮುಂಗಡ ಕಟ್ಟಲು ಆಗಿನ್ನೂ ಅವನಿಗೆ ವೇಳೆ ಇರುತ್ತದೆ.