ತಲೆಯೆಣಿಕೆಯೂ ನ್ಯಾಯವೂ

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರ್ಕಾರಿ ಶಾಲೆಗಳ ವಾರ್ಷಿಕ ಅನುದಾನವನ್ನು ಮಕ್ಕಳ ಸಂಖ್ಯೆಯಿಂದ ಅಳೆಯುತ್ತದೆ. ಅದರ ಪರಿಷ್ಕೃತ ಮಾರ್ಗಸೂಚಿಯಂತೆ 30 ಮಕ್ಕಳವರೆಗೆ 10,000 ರೂಪಾಯಿ. ಅಲ್ಲಿಂದ 100ರವರೆಗೆ 25,000. ಸೂತ್ರದಲ್ಲಿ ಪಕ್ಷಪಾತವಿಲ್ಲ, ನಿಜ. ಆದರೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಸುತ್ತಣ ಹಳ್ಳಿಯೊಂದರ ಶಾಲೆಯಲ್ಲಿ 31 ಮಕ್ಕಳಿದ್ದು, ಮಳೆ ಕೈಕೊಟ್ಟ ವರ್ಷ ಒಂದು ಕುಟುಂಬ ಗುಳೆ ಹೋಯಿತೆನ್ನೋಣ. ಒಂದೇ ಮಗುವಿನೊಡನೆ 15,000 ರೂಪಾಯಿಯೂ ಹೊರಟುಹೋಗುತ್ತದೆ! ಸೋರುವ ಹೆಂಚು, ಕುಡಿಯುವ ನೀರು, ವಿದ್ಯುತ್ ಬಿಲ್ಲು ಒಂದು ತಲೆ ಕಡಿಮೆಯಾಯಿತೆಂದು ಕುಗ್ಗುವುದಿಲ್ಲ. ಉಳಿದವರು ಮಾಡಿದ ಅಪರಾಧವೇನು? ಶಾಲೆ ನಡೆಯಲು ಬೇಕಾದ ಕನಿಷ್ಠ ಮೊತ್ತವನ್ನು ಮೊದಲು ತೆಗೆದಿರಿಸಿ, ಆಮೇಲೆ ತಲೆ ಎಣಿಸುವುದೇ ನ್ಯಾಯವೆಂದು ತೋರುತ್ತದೆ. ನೋಟುಪುಸ್ತಕಗಳನ್ನು ತಲೆಗಿಷ್ಟೆಂದು ಹಂಚುವ ನಮ್ಮ ಬಸದಿ ಟ್ರಸ್ಟುಗಳವರೂ ಚಿಕ್ಕ ಶಾಲೆಯೊಂದರ ಮಾಡನ್ನು ಒಮ್ಮೆ ನೋಡಿ ಬರಲಿ.