ಸರಪಳಿ ಯಾರಿಗೆ?

ಕೋಳಿಕ್ಕೋಡಿನಿಂದ ಘಟ್ಟವನ್ನೇರಿ ವಯನಾಡಿಗೆ ಬರುವವರಿಗೆ ಲಕ್ಕಿಡಿಯಲ್ಲಿ ದಾರಿಯ ಬದಿಗೆ ಸರಪಳಿ ಬಿಗಿದ ಮರವೊಂದು ಕಾಣುತ್ತದೆ. ಘಟ್ಟದ ದಾರಿಯನ್ನು ಬ್ರಿಟಿಷರಿಗೆ ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಪಣಿಯನೆಂದೂ, ಕೀರ್ತಿಯೆಲ್ಲ ತನಗೇ ಸಲ್ಲಬೇಕೆಂದು ಬಿಳಿಯ ಅಧಿಕಾರಿಯು ಅವನನ್ನು ಕೊಂದನೆಂದೂ, ಅವನ ಪ್ರೇತವು ದಾರಿಹೋಕರನ್ನು ಕಾಡತೊಡಗಲು ಮಂತ್ರವಾದಿಯೊಬ್ಬನು ಅದನ್ನು ಈ ಮರಕ್ಕೆ ಕಟ್ಟಿದನೆಂದೂ ಐತಿಹ್ಯ. ಬಾಲ್ಯದಲ್ಲಿ ಈ ಕಥೆಗೆ ಬೆದರಿದವರೇ ನಾವೆಲ್ಲ. ಕೊಂದವನನ್ನು ಬಿಟ್ಟು ಸತ್ತವನಿಗೇಕೆ ಸರಪಳಿ ಎಂದು ಕೇಳುವ ಬುದ್ಧಿ ಮಾತ್ರ ಆಗ ಹುಟ್ಟಲಿಲ್ಲ.

ಹಳೆಯ ಭಯಾನಕ ಚಿತ್ರಗಳನ್ನು ನೆನೆದಾಗ ಈ ಪ್ರಶ್ನೆಯು ಮತ್ತೆ ತಲೆಯೆತ್ತುತ್ತದೆ. ಭಯಾನಕವೂ ನವರಸಗಳಲ್ಲೊಂದು; ಬೆದರಿ ಸುಖಿಸುವುದರಲ್ಲಿ ದೋಷವೇನು ಎಂದು ರಸಿಕರು ಕೇಳಬಹುದು. ದೋಷವಿಲ್ಲ. 1949ರ ಹಿಂದಿ ಚಿತ್ರ ‘ಮಹಲ್’ನಲ್ಲಿ ಪ್ರೇತವೆಂದು ತೋರಿದ ಮಧುಬಾಲಾ ಕೊನೆಗೆ ತೋಟದ ಮಾಲಿಯ ಮಗಳಾಗುತ್ತಾಳೆ, ಒಗಟು ಬಿಡಿಸಿದ ತೃಪ್ತಿಯಿಂದ ನಾವು ಮನೆಗೆ ಮರಳುತ್ತೇವೆ. ಆದರೆ ಅನ್ಯಾಯದಿಂದ ಸತ್ತವರೇ ಪ್ರೇತವಾಗಿ ಬರುವಲ್ಲಿ ನಮ್ಮ ಭಯಕ್ಕೆ ಇನ್ನೊಂದು ಮುಖವಿದೆ.

1964ರಲ್ಲಿ ಎ. ವಿನ್ಸೆಂಟರು ನಿರ್ದೇಶಿಸಿದ ಮಲಯಾಳ ಚಿತ್ರ ‘ಭಾರ್ಗವೀ ನಿಲಯಂ’ ಇದಕ್ಕೆ ಸಾಕ್ಷಿ. ವೈಕಂ ಮಹಮ್ಮದ್ ಬಷೀರರು ತಮ್ಮ ‘ನೀಲವೆಳಿಚ್ಚಂ’ ಎಂಬ ಸಣ್ಣಕಥೆಯನ್ನು ಬೆಳೆಸಿ ತಾವೇ ಇದರ ಚಿತ್ರಕಥೆಯನ್ನು ಬರೆದರು. ಪ್ರೇಮಭಂಗದಿಂದ ಭಾರ್ಗವಿ ಬಾವಿಗೆ ಹಾರಿದಳು, ಈಗ ಪಾಳುಮನೆಯಲ್ಲಿ ಅಲೆಯುತ್ತಾಳೆ ಎಂಬುದು ಊರಿನ ನಂಬಿಕೆ. ಆ ಮನೆಗೆ ಬಾಡಿಗೆಗೆ ಬರುವ ಸಾಹಿತಿ (ಮಧು) ಮಂತ್ರವಾದಿಯನ್ನು ಕರೆಸುವುದಿಲ್ಲ. ಅತಿಥಿಯಂತೆ ಅವಳ ಅನುಮತಿ ಬೇಡಿ, ಅವಳೊಡನೆ ಮಾತಾಡುತ್ತ, ಅವಳ ಕಥೆಯನ್ನೇ ಬರೆಯಲು ಕೂರುತ್ತಾನೆ. ಬರೆಯುತ್ತ ಹೋದಂತೆ ಅದು ಆತ್ಮಹತ್ಯೆಯಲ್ಲ, ಬಂಧುವಾದ ನಾನುಕುಟ್ಟನ್ ಮಾಡಿದ ಕೊಲೆಯೆಂಬುದು ಹೊರಬೀಳುತ್ತದೆ. ಭಯಾನಕದಿಂದ ಆರಂಭವಾದುದು ನಮಗರಿವಿಲ್ಲದೆಯೇ ಕರುಣಕ್ಕೆ ತಿರುಗುತ್ತದೆ. ಬಿಳಿಯ ಸೀರೆಯ ವಿಜಯನಿರ್ಮಲಾ ಕಂಡರೆ ಬೆಚ್ಚುತ್ತಿದ್ದ ನಾವು, ನಾನುಕುಟ್ಟನ್ ಪಾತ್ರದ ಪಿ. ಜೆ. ಆಂಟನಿಯವರ ಮುಖವನ್ನು ಕಂಡು ಬೆಚ್ಚತೊಡಗುತ್ತೇವೆ. (ಆ ಮಹಾನಟನಿಗೆ ‘ನಿರ್ಮಾಲ್ಯಂ’ ಚಿತ್ರದ ಪಾತ್ರಕ್ಕಾಗಿ ಮುಂದೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.) ಭಯವು ತಲುಪಬೇಕಾದ ವಿಳಾಸವನ್ನು ತಲುಪುತ್ತದೆ. ಆದರೂ ಮಲಯಾಳಿಗಳು ಇಂದಿಗೂ ಪಾಳುಮನೆಯನ್ನು ಕಂಡರೆ ‘ಭಾರ್ಗವೀ ನಿಲಯ’ವೆನ್ನುತ್ತಾರೆ, ಕೊಲೆಗಾರನ ಹೆಸರಿನಲ್ಲಿ ಯಾವ ಗಾದೆಯೂ ಹುಟ್ಟಲಿಲ್ಲ!

ನಮ್ಮ ಕನ್ನಡದ ‘ನಾ ನಿನ್ನ ಬಿಡಲಾರೆ’ (1979) ಬೇರೆ ದಾರಿ ಹಿಡಿಯಿತು. ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯ ಮರೆಯುವಂಥದಲ್ಲ. ಪ್ರೇತಬಾಧೆಗೆ ಅಲ್ಲಿ ರಾಘವೇಂದ್ರಸ್ವಾಮಿಗಳ ಕೃಪೆಯೇ ಪರಿಹಾರ. ಭಕ್ತಿಯನ್ನು ನಾವು ಅಲ್ಲಗಳೆಯೆವು. ಆದರೂ ಉಚ್ಚಾಟನೆಗೆ ಮೊದಲು ವಿಚಾರಣೆಯಾಗಬೇಕೆಂದು ನಮಗೆ ತೋರುತ್ತದೆ.

ಇದು ಬರಿಯ ಚಿತ್ರವಿಮರ್ಶೆಯಲ್ಲ. ಮಾನಂದವಾಡಿಯ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಒಂದು ಕಾಲಕ್ಕೆ ಜಮೀನ್ದಾರರು ಪಣಿಯರನ್ನು ವರ್ಷದ ದುಡಿಮೆಗೆ ಗೊತ್ತುಮಾಡಿಕೊಂಡು ಒಯ್ಯುತ್ತಿದ್ದರು. ಜೀತವನ್ನು ರದ್ದುಪಡಿಸುವ ಕಾಯಿದೆ ಬಂದುದು 1976ರಲ್ಲಿ. ಕನ್ನಡ ನುಡಿಯುವ ಮನೆಗಳ ಗದ್ದೆಗಳಲ್ಲಿಯೂ ಆ ಜನ ದುಡಿದರು. ಹಗಲೆಲ್ಲ ಅವರಿಂದ ನಾಟಿ ಮಾಡಿಸಿ, ರಾತ್ರಿ ಅವರ ಪ್ರೇತಕ್ಕೆ ಹೆದರಿ ಬಾಗಿಲು ಭದ್ರಪಡಿಸಿಕೊಂಡವರ ವಂಶದಲ್ಲಿ ನಾವಿದ್ದೇವೆ. ಆ ಹೆದರಿಕೆಯು ಪಾಪಪ್ರಜ್ಞೆಯೇ ಆಗಿದ್ದರೆ, ಅದು ಹಗಲು ಹೊತ್ತಿನಲ್ಲಿ ಎಲ್ಲಿ ಅಡಗಿತ್ತು?

ಲಕ್ಕಿಡಿಯ ಮರದೆದುರು ಇಂದಿಗೂ ವಾಹನಗಳನ್ನು ನಿಲ್ಲಿಸಿ ಕೈಮುಗಿಯುವವರಿದ್ದಾರೆ, ಘಟ್ಟದಲ್ಲಿ ಅಪಘಾತವಾಗದಿರಲೆಂದು. ಕರಿಂತಂಡನ ಊರು ಯಾವುದೆಂದು ಅಲ್ಲಿ ವಿಚಾರಿಸುವವರು ವಿರಳ. ಘಟ್ಟದ ಕೆಳಗೆ, ಅಡಿವಾರದ ಕಡೆಯವನೆಂದು ಹೇಳುತ್ತಾರೆ.