ಸುಗ್ಗಿಯ ರಜೆ ಯಾರಿಗೆ?

ರಜೆ ಎಂಬುದು ಮನುಷ್ಯನ ಹಕ್ಕೇ ಅಥವಾ ಅನುಕೂಲವಂತರ ಸವಲತ್ತೇ? 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಸಂಬಳ ಸಹಿತ ರಜೆಯನ್ನೂ ಎಲ್ಲರ ಹಕ್ಕೆಂದು ಸಾರಿದೆ. ಕಾಗದದ ಮೇಲಿರುವ ಈ ಮಾತು ಬದುಕಿನಲ್ಲಿ ಎಷ್ಟು ನಿಜ ಎಂದು ತಿಳಿಯಲು ದೊಡ್ಡ ಗ್ರಂಥಗಳನ್ನು ಓದಬೇಕಾಗಿಲ್ಲ. ಒಂದು ಕುಟುಂಬ ತನ್ನ ಮೂರು ದಿನದ ಪ್ರವಾಸಕ್ಕೆ ಮಾಡಿಕೊಳ್ಳುವ ಪಟ್ಟಿಯನ್ನು ಗಮನವಿಟ್ಟು ನೋಡಿದರೂ ಸಾಕು.

ಕೆನಡಾದಲ್ಲಿ ನೆಲೆಸಿರುವ ನಾವು ಈಗ ಅಂಥದೊಂದು ಪಟ್ಟಿ ಮಾಡುತ್ತಿದ್ದೇವೆ. ಇಲ್ಲಿ ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಥ್ಯಾಂಕ್ಸ್‌ಗಿವಿಂಗ್. ಒಳ್ಳೆಯ ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನವೆಂದು 1957ರಲ್ಲಿ ಅಧಿಕೃತವಾಗಿ ಘೋಷಿಸಿದ ಸುಗ್ಗಿಯ ಹಬ್ಬವದು. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ಸಿಗುತ್ತದೆ. ಟೊರೊಂಟೊದಿಂದ ಹ್ಯಾಲಿಫ್ಯಾಕ್ಸ್‌ಗೆ ಸುಮಾರು ಎರಡು ಗಂಟೆಯ ವಿಮಾನ ಪ್ರಯಾಣ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯದ ಅನಾಪೊಲಿಸ್ ಕಣಿವೆ. ಆ ಹೊತ್ತಿಗೆ ಮೇಪಲ್ ಮರಗಳು ಕೆಂಪಾಗಿರುತ್ತವೆ. ಎಲೆಯ ಹಸಿರು ಕರಗಿದಾಗ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪನ್ನು ಮಾತ್ರ ಎಲೆ ಉದುರುವ ಮುಂಚೆ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಫಂಡಿ ಕೊಲ್ಲಿಯಲ್ಲಿ ಜಗತ್ತಿನಲ್ಲೇ ಅತಿ ಎತ್ತರದ ಭರತ-ಇಳಿತ. ಕೆಲವು ಕಡೆ ನೀರಿನ ಮಟ್ಟದ ವ್ಯತ್ಯಾಸ 16 ಮೀಟರನ್ನೂ ಮುಟ್ಟುತ್ತದೆ. ಇನ್ನು ಸೇಬಿನ ತೋಟಗಳು. ನಾವೇ ಕಿತ್ತು, ತೂಕ ಹಾಕಿಸಿ, ದುಡ್ಡು ಕೊಟ್ಟು ತರಬಹುದು. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಆ ತೋಟದಲ್ಲಿ ನಮಗೆ ಒಂದು ಗಂಟೆಯ ಆಟವಾಗಿರುವುದು ಇನ್ನು ಕೆಲವರಿಗೆ ದಿನವಿಡೀ ದುಡಿಮೆ. ಅವರಲ್ಲಿ ಅನೇಕರು ಕೆರಿಬಿಯನ್ ದ್ವೀಪಗಳಿಂದ, ಮೆಕ್ಸಿಕೊದಿಂದ ಬಂದವರು. 1966ರಲ್ಲಿ ಜಮೈಕಾದ ಕೆಲಸಗಾರರೊಂದಿಗೆ ಶುರುವಾದ ಋತುಮಾನದ ಕೃಷಿ ಕಾರ್ಮಿಕರ ಯೋಜನೆಯಡಿ ಅವರು ವರ್ಷಕ್ಕೆ ಹೆಚ್ಚೆಂದರೆ ಎಂಟು ತಿಂಗಳು ಇಲ್ಲಿ ದುಡಿದು ಮರಳಬೇಕು. ಹೆಂಡತಿ ಮಕ್ಕಳು ಊರಿನಲ್ಲೇ ಉಳಿಯುತ್ತಾರೆ. ಕೆಲಸದ ಪರವಾನಗಿ ಸಾಮಾನ್ಯವಾಗಿ ಒಬ್ಬ ಮಾಲೀಕನ ಹೆಸರಿಗೇ ಕಟ್ಟಿಕೊಂಡಿರುತ್ತದೆ. 2023ರಲ್ಲಿ ಕೆನಡಾಕ್ಕೆ ಭೇಟಿ ಕೊಟ್ಟ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟೊಮೊಯಾ ಒಬೊಕಾಟ, ಇಂಥ ತಾತ್ಕಾಲಿಕ ಕಾರ್ಮಿಕ ಯೋಜನೆಗಳು ಆಧುನಿಕ ರೂಪದ ಗುಲಾಮಗಿರಿಗೆ ಎಡೆಮಾಡಿಕೊಡುತ್ತವೆ ಎಂದು ಎಚ್ಚರಿಸಿದರು. ಇನ್ನೊಂದು ವಿಪರ್ಯಾಸವೂ ಇದೆ. ನೋವಾ ಸ್ಕೋಷಿಯಾದ ಕಾನೂನಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಕಡ್ಡಾಯ ಸಂಬಳದ ರಜೆಗಳ ಪಟ್ಟಿಯಲ್ಲಿಲ್ಲ. ಸುಗ್ಗಿಗಾಗಿ ದೇಶವೇ ಕೃತಜ್ಞತೆ ಹೇಳುವ ದಿನ, ಆ ಸುಗ್ಗಿಯನ್ನು ಬುಟ್ಟಿಗೆ ತುಂಬಿದವನು ಮರದ ಕೆಳಗೇ ಇರಬಹುದು.

ಕರಾವಳಿ ಕರ್ನಾಟಕದ ಹಿನ್ನೆಲೆಯ ನಮ್ಮಂಥವರಿಗೆ ಈ ಬದುಕನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗಲ್ಫಿಗೆ ಹೋದ ಅಪ್ಪ ಎರಡು ವರ್ಷಕ್ಕೊಮ್ಮೆ ರಜೆಗೆ ಬರುವುದು, ಗುರುತು ಹಿಡಿಯದ ಮಗು ತಾಯಿಯ ಸೆರಗಿನ ಹಿಂದೆ ಅಡಗುವುದು, ಅದಕ್ಕೆ ಸಲಿಗೆ ಬೆಳೆಯುವಷ್ಟರಲ್ಲಿ ಸೂಟ್‌ಕೇಸು ಮತ್ತೆ ತುಂಬುವುದು ನಮ್ಮ ಎಷ್ಟೋ ಮನೆಗಳ ಕತೆ. ವೀಸಾ ಕಫೀಲನ ಕೈಯಲ್ಲಿರುವುದೆಂದರೆ ಏನೆಂಬುದೂ ನಮ್ಮವರಿಗೆ ಗೊತ್ತು. ಹಾಗಿದ್ದೂ ಕೆನಡಾ ನಮಗೆ ಕುಟುಂಬ ಸಮೇತ ಬರುವ ಬಾಗಿಲು ತೆರೆಯಿತು. ಓದು, ವಯಸ್ಸು, ಇಂಗ್ಲಿಷು ಎಲ್ಲಕ್ಕೂ ಅಂಕ ಕೊಟ್ಟು ಶಾಶ್ವತ ನೆಲೆ ಕೊಟ್ಟಿತು. ಸೇಬು ಕೀಳುವ ಕೈಗೆ ಮಾತ್ರ ಆ ಲೆಕ್ಕದಲ್ಲಿ ಅಂಕವಿಲ್ಲ. ಒಂದೇ ವಿಮಾನ ನಿಲ್ದಾಣದಲ್ಲಿ ಇಳಿದ ಇಬ್ಬರು ತಂದೆಯರಲ್ಲಿ ಒಬ್ಬನ ಮಕ್ಕಳು ಅವನ ಪಕ್ಕದಲ್ಲಿದ್ದಾರೆ, ಇನ್ನೊಬ್ಬನ ಮಕ್ಕಳು ಫೋನಿನಲ್ಲಿದ್ದಾರೆ. ಇದು ಯೋಗ್ಯತೆಯ ವ್ಯತ್ಯಾಸವೇ?

ಕುಟುಂಬಗಳನ್ನು ಅಗಲಿಸಿದ ಹಳೆಯ ಕತೆಯೊಂದೂ ಇದೇ ಕಣಿವೆಯಲ್ಲಿದೆ. ಮೊದಲು ಇದು ಮಿಗ್ಮಾ ಆದಿವಾಸಿಗಳ ನೆಲ. ಹದಿನೇಳನೇ ಶತಮಾನದಲ್ಲಿ ಬಂದ ಫ್ರೆಂಚ್ ವಲಸೆಗಾರರು ಸಮುದ್ರದ ಉಪ್ಪುನೀರಿಗೆ ಒಡ್ಡು ಕಟ್ಟಿ ಜವುಗು ನೆಲವನ್ನು ಗದ್ದೆಯಾಗಿಸಿದರು. ಅವರೇ ಅಕೇಡಿಯನ್ನರು. ಬ್ರಿಟಿಷ್ ದೊರೆಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಕಾರಣಕ್ಕೆ ಅವರನ್ನು ಹೊರದಬ್ಬಲಾಯಿತು. 1755ರ ಸೆಪ್ಟೆಂಬರ್ 5ರಂದು ಗ್ರ್ಯಾನ್ ಪ್ರೇ ಊರಿನ ಗಂಡಸರನ್ನೂ ಹುಡುಗರನ್ನೂ ಚರ್ಚಿಗೆ ಕರೆಸಿ, ಅವರ ಹೊಲ, ಮನೆ, ದನಕರುಗಳೆಲ್ಲ ದೊರೆಯ ಸ್ವತ್ತಾದವೆಂದು ಸೇನಾಧಿಕಾರಿ ಜಾನ್ ವಿನ್‌ಸ್ಲೋ ಓದಿ ಹೇಳಿದ. ಅಕ್ಟೋಬರಿನಲ್ಲಿ, ಅಂದರೆ ಎಲೆಗಳು ಕೆಂಪಾಗುವ ಇದೇ ದಿನಗಳಲ್ಲಿ, ಅವರನ್ನು ಹಡಗು ಹತ್ತಿಸಲಾಯಿತು. ಎಷ್ಟೋ ಕುಟುಂಬಗಳು ಬೇರೆ ಬೇರೆ ಹಡಗುಗಳಲ್ಲಿ ಚದುರಿಹೋದವು. 1763ರವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಈ ಅನ್ಯಾಯವನ್ನು ರಾಜಘೋಷಣೆಯ ಮೂಲಕ ಒಪ್ಪಿಕೊಂಡದ್ದು 2003ರಲ್ಲಿ. 2012ರಲ್ಲಿ ಗ್ರ್ಯಾನ್ ಪ್ರೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೀಗಿರುವಾಗ ಪ್ರವಾಸದ ಪಟ್ಟಿಯಲ್ಲಿ ಇದಕ್ಕೆಲ್ಲ ಜಾಗ ಕೊಡಬೇಕೇ? ನಮ್ಮ ಮನೆಯಲ್ಲೇ ಈ ಬಗ್ಗೆ ಎರಡು ಮಾತಿದೆ. ವರ್ಷವಿಡೀ ಶಾಲೆ, ಆಫೀಸು, ಹಿಮ ಎಂದು ಓಡುವ ಮಕ್ಕಳಿಗೂ ದೊಡ್ಡವರಿಗೂ ಸಿಗುವುದೇ ಮೂರು ದಿನ. ಅದರಲ್ಲೂ ಲೋಕದ ದುಃಖವನ್ನು ಹೊರಿಸಬೇಕೇ ಎಂಬುದು ಒಂದು ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಗುವ ಮಗುವಿನ ಕೈಯಿಂದ ಸೇಬು ಕಿತ್ತುಕೊಂಡು ಉಪದೇಶ ಮಾಡುವುದು ನೀತಿಯಲ್ಲ, ಅದೂ ಒಂದು ಬಗೆಯ ಒರಟುತನ. ನಾವು ಸೇಬು ತಿನ್ನದಿದ್ದರೆ ಜಮೈಕಾದ ತಂದೆ ತನ್ನ ಮಕ್ಕಳನ್ನು ಸೇರುವುದೂ ಇಲ್ಲ. ಅವನ ಕೂಲಿಗೇ ಕುತ್ತು ಬರಬಹುದು.

ಆದರೆ ಇನ್ನೊಂದು ಮಾತು ನಮಗೆ ಹೆಚ್ಚು ಸರಿಯೆನಿಸುತ್ತದೆ. ತಿಳಿಯದಿದ್ದರೆ ಮಾತ್ರ ಉಳಿಯುವ ಸಂತೋಷ ಎಂಥ ಸಂತೋಷ? ಮದುವೆ ಮನೆಯಲ್ಲಿ ಉಂಡವನು ಅಡುಗೆಯವರನ್ನು ಒಮ್ಮೆ ಮಾತನಾಡಿಸಿ ಬಂದರೆ ಊಟದ ರುಚಿ ಕೆಡುವುದಿಲ್ಲ. ಇಲ್ಲಿ ಅಪರಾಧಕ್ಕೂ ಋಣಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ನೋಡಬೇಕು. 1755ರ ಗಡೀಪಾರಿಗೆ ನಾವು ಅಪರಾಧಿಗಳಲ್ಲ, ಕಾರ್ಮಿಕ ಕಾನೂನನ್ನು ಬರೆದವರೂ ನಾವಲ್ಲ. ಹಾಗೆಂದು ನಮಗೆ ಸಂಬಂಧವೇ ಇಲ್ಲವೆನ್ನಲಾಗದು. ಆ ಒಡ್ಡಿನ ಮೇಲೆ ನಾವು ನಡೆಯುತ್ತೇವೆ, ಆ ಕೈ ಕಿತ್ತ ಹಣ್ಣನ್ನು ಕಡಿಮೆ ಬೆಲೆಗೆ ತಿನ್ನುತ್ತೇವೆ. ಅಪರಾಧ ಮಾಡಿದವನಿಗೆ ಅಂಟುತ್ತದೆ, ಋಣ ಪಡೆದವನಿಗೆ. ಋಣವನ್ನು ಒಪ್ಪಿಕೊಂಡವನು ರಜೆಯನ್ನು ಬಿಡಬೇಕಾಗಿಲ್ಲ. ಅದು ತನ್ನೊಬ್ಬನ ಸಂಪಾದನೆ ಎಂಬ ಜಂಬವನ್ನು ಬಿಡಬೇಕು.

ಹಾಗಾಗಿ ನಮ್ಮ ಪಟ್ಟಿ ಸ್ವಲ್ಪ ಬದಲಾಗಿದೆ. ಮೇಪಲ್ ಇದೆ, ಕಡಲಿದೆ, ಸೇಬೂ ಇದೆ. ಗ್ರ್ಯಾನ್ ಪ್ರೇ ಊರಿಗೆ ಒಂದು ಬೆಳಿಗ್ಗೆ ಮೀಸಲು. ಮಕ್ಕಳು ಕೇಳಿದಷ್ಟನ್ನು ಅವರ ವಯಸ್ಸಿಗೆ ತಕ್ಕಂತೆ ಹೇಳುವುದು, ಕೇಳದ್ದನ್ನು ಹೇರದಿರುವುದು ಎಂದು ಮಾತಾಗಿದೆ. ಪ್ರವಾಸದಿಂದ ಮರಳಿದ ಮೇಲೆ ಮಾಡಬೇಕಾದ ಒಂದು ಕೆಲಸವೂ ಪಟ್ಟಿಯ ಕೊನೆಗೆ ಸೇರಿದೆ. ಇಲ್ಲಿಯ ಪ್ರಜೆಗಳಾಗಿ ನಮಗೆ ಮತವಿದೆ. ಸೇಬು ಕೀಳುವವನಿಗೆ ಇಲ್ಲ. ಅವನ ಪರವಾನಗಿಯನ್ನು ಮಾಲೀಕನಿಂದ ಬಿಡಿಸಬೇಕು, ವರ್ಷಗಟ್ಟಲೆ ದುಡಿದವನಿಗೆ ಕುಟುಂಬ ಸಮೇತ ನೆಲೆಸುವ ದಾರಿ ತೆರೆಯಬೇಕು ಎಂದು ನಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯುವುದು ಅರ್ಧ ಗಂಟೆಯ ಕೆಲಸ. ಒಂದು ಪತ್ರದಿಂದ ಕಾನೂನು ಬದಲಾಗುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ಕುಟುಂಬದೊಂದಿಗೆ ಕಳೆಯುವ ಮೂರು ದಿನದ ಬೆಲೆ ನಮಗೆ ಗೊತ್ತು ಎಂದಾದರೆ, ಅದು ಸಿಗದವನ ಪರವಾಗಿ ಅಷ್ಟಾದರೂ ಕೇಳಬೇಕಾದವರು ನಾವೇ ತಾನೇ?